ದಿನಾ ಮನೆಯಲ್ಲೇ ವ್ಯಾಯಾಮ ಮಾಡ್ತೀರಾ? ಯಾವ ಸ್ನಾಯುವಿಗೆ ಯಾವಾಗ ರಜೆ ಕೊಡಬೇಕು ಅಂತ ಹೀಗೆ ನೋಡಿಕೊಳ್ಳಿ

"ದಿನಾ ಮನೆಯಲ್ಲೇ ವ್ಯಾಯಾಮ ಮಾಡ್ತೀನಿ, ನಡುವೆ ಒಂದು ದಿನ ಬಿಡಬೇಕಾ, ಬೇಡ್ವಾ?" ಅಂತ ಕೇಳಿದವರಿಗೆ ನಾನು ಮೊದಲು ಕೇಳುವುದು, ನೀವು ಮಾಡುವುದು ಏನು ಅಂತ. ಅರ್ಧ ಗಂಟೆ ನಡಿಗೆ, ನಾಲ್ಕಾರು ಸುತ್ತು ಸೂರ್ಯನಮಸ್ಕಾರ, ಕೈಕಾಲು ಸಡಿಲ ಮಾಡಿಕೊಳ್ಳುವ ಹಗುರವಾದ ವ್ಯಾಯಾಮ ಅಷ್ಟೇ ಆದರೆ ರಜೆಯ ಯೋಚನೆಯೇ ಬೇಡ. ದಿನಾ ಮಾಡಿ. ಆದರೆ ಪುಷ್ ಅಪ್, ಬಸ್ಕಿ, ಡಂಬೆಲ್ ಅಂತ ತೋಳು ತೊಡೆ ನಡುಗುವ ತನಕ ಮಾಡುತ್ತಿದ್ದರೆ, ಅದೇ ಸ್ನಾಯುವಿಗೆ ಮಾರನೇ ದಿನ ಅದೇ ಕೆಲಸ ಕೊಡಬೇಡಿ. ಕಡಿಮೆ ಅಂದರೂ 48 ಗಂಟೆ ಬಿಡಿ.

ಉತ್ತರ ಇಷ್ಟೇ. ಆದರೆ ಇದನ್ನು ನಿಮ್ಮ ವಾರಕ್ಕೆ ಹೊಂದಿಸಿಕೊಳ್ಳುವಾಗ ಒಂದಷ್ಟು ಗೊಂದಲ ಬರುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ರಜೆ ಅಂದಕೂಡಲೇ ಇಡೀ ದಿನ ಸೋಫಾ ಮೇಲೆ ಮಲಗಿರುವುದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ನಿನ್ನೆ ತೊಡೆಗೆ ಚೆನ್ನಾಗಿ ಕೆಲಸ ಕೊಟ್ಟಿದ್ದರೆ ಇವತ್ತು ತೊಡೆಗೆ ಮಾತ್ರ ರಜೆ. ಎದೆ, ಬೆನ್ನು, ತೋಳು ಆರಾಮಾಗಿ ಕೆಲಸ ಮಾಡಬಹುದು. ನಡಿಗೆಗಂತೂ ಯಾವ ಅಡ್ಡಿಯೂ ಇಲ್ಲ.

ಒಳಗೆ ಏನಾಗುತ್ತದೆ

ಸ್ನಾಯುವಿನ ಮೇಲೆ ಅದಕ್ಕೆ ರೂಢಿ ಇಲ್ಲದಷ್ಟು ಭಾರ ಬಿದ್ದಾಗ ಅದರ ಎಳೆಗಳಿಗೆ ಅಲ್ಲಲ್ಲಿ ಸಣ್ಣ ಪೆಟ್ಟಾಗುತ್ತದೆ. ಜೊತೆಗೆ, ಇಲ್ಲಿ ಇನ್ನಷ್ಟು ಬಲ ಬೇಕು ಅನ್ನುವ ಸುದ್ದಿಯೂ ಮೈಗೆ ಹೋಗುತ್ತದೆ. ಆಮೇಲೆ ಶುರುವಾಗುವುದು ಕಟ್ಟುವ ಕೆಲಸ. ತಿಂದ ಊಟದ ಪ್ರೋಟೀನಿನಿಂದ ಎಳೆಗಳನ್ನು ಸರಿಪಡಿಸಿ ದಪ್ಪ ಮಾಡುವ ಈ ಕೆಲಸ ವ್ಯಾಯಾಮ ಮುಗಿದ ಮೇಲೆ ಒಂದರಿಂದ ಎರಡು ದಿನ ಜೋರಾಗಿ ನಡೆಯುತ್ತದೆ. ಹೊಸಬರಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು. ಅಂದರೆ ನೀವು ಪುಷ್ ಅಪ್ ಹೊಡೆಯುವ ಆ ಇಪ್ಪತ್ತು ನಿಮಿಷದಲ್ಲಿ ಸ್ನಾಯು ಬೆಳೆಯುವುದಿಲ್ಲ, ಬೆಳೆಯುವುದು ಆಮೇಲೆ, ನೀವು ಉಂಡು ಮಲಗಿದಾಗ. ಆ ಹೊತ್ತಿನಲ್ಲೇ ಮತ್ತೆ ಅಷ್ಟೇ ಜೋರಾಗಿ ಪೆಟ್ಟು ಕೊಟ್ಟರೆ ಕಟ್ಟುವ ಕೆಲಸ ಮುಗಿಯುವುದೇ ಇಲ್ಲ.

ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದರೆ ಕೆಲಸಕ್ಕೆ ಬೇಕಾದ ಸಕ್ಕರೆಯ ದಾಸ್ತಾನು ಕೂಡ ಕಡಿಮೆಯಾಗಿರುತ್ತದೆ. ಅದು ತುಂಬುವುದಕ್ಕೆ, ಅನ್ನ, ಮುದ್ದೆ, ರೊಟ್ಟಿ ಸರಿಯಾಗಿ ತಿಂದರೆ, ಹೆಚ್ಚುಕಡಿಮೆ ಒಂದು ದಿನ ಸಾಕು. ನಿಧಾನ ಮಾಡುವುದು ಟೆಂಡನ್. ಸ್ನಾಯುವನ್ನು ಮೂಳೆಗೆ ಬಿಗಿದಿರುವ ಗಟ್ಟಿ ಹುರಿ ಅದು. ಅಲ್ಲಿಗೆ ರಕ್ತ ಹರಿಯುವುದೇ ಕಡಿಮೆ, ಹಾಗಾಗಿ ಸರಿಹೋಗುವುದೂ ತಡ. ದಿನಾ ಜಂಪಿಂಗ್ ಸ್ಕ್ವಾಟ್ (ಬಸ್ಕಿಯಿಂದ ಮೇಲಕ್ಕೆ ನೆಗೆಯುವುದು) ಮಾಡುವವರಿಗೆ ಮಂಡಿಚಿಪ್ಪಿನ ಕೆಳಗೆ ಸಣ್ಣಗೆ ನೋವು ಶುರುವಾಗುವುದು, ದಿನಾ ಪುಷ್ ಅಪ್ ಮಾಡುವವರಿಗೆ ಭುಜದ ಮುಂಭಾಗ, ಮಣಿಕಟ್ಟು ಹಿಡಿದುಕೊಳ್ಳುವುದು ಬಹಳ ಸಲ ಈ ಹುರಿಯಿಂದಲೇ. ಸ್ನಾಯು ತಯಾರಾಗಿರುತ್ತದೆ, ಹುರಿ ಆಗಿರುವುದಿಲ್ಲ. ಟೈಲ್ಸ್, ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಕುಣಿದರೆ ಇದು ಬೇಗ ಬರುತ್ತದೆ, ಕೆಳಗೆ ಒಂದು ದಪ್ಪ ಮ್ಯಾಟ್ ಹಾಸಿಕೊಳ್ಳಿ.

ದಿನಕ್ಕೆ 100 ಪುಷ್ ಅಪ್, 30 ದಿನ

ಈ ಚಾಲೆಂಜ್ ನೋಡಿರುತ್ತೀರಿ. ಎಷ್ಟೋ ಜನ ಮನೆಯಲ್ಲಿ ವ್ಯಾಯಾಮ ಶುರು ಮಾಡುವುದೇ ಇಲ್ಲಿಂದ. ಹುಮ್ಮಸ್ಸಿನಿಂದ ಶುರು ಮಾಡಿದವರನ್ನು ತಡೆಯುವುದಕ್ಕೆ ನನಗೆ ಇಷ್ಟವಿಲ್ಲ, ಆದರೆ ಆ 30 ದಿನದಲ್ಲಿ ಏನಾಗುತ್ತದೆ ಅನ್ನುವುದು ಗೊತ್ತಿರಲಿ. ಮೊದಲ ವಾರ ಎದೆ, ತೋಳಿನ ಹಿಂಭಾಗ ಎರಡೂ ಹಿಡಿದುಕೊಂಡಿರುತ್ತವೆ. ಸರಿಹೋಗುವ ಮೊದಲೇ ಮತ್ತೆ ಮಾಡುವುದರಿಂದ ಪ್ರತಿ ಪುಷ್ ಅಪ್ಪೂ ಅರ್ಧಂಬರ್ಧ ಆಗುತ್ತದೆ: ಎದೆ ನೆಲದ ಹತ್ತಿರ ಬರುವುದಿಲ್ಲ, ಸೊಂಟ ಜೋತುಬೀಳುತ್ತದೆ, ಮೊಣಕೈ ಎರಡೂ ಪಕ್ಕಕ್ಕೆ ಚಾಚಿಕೊಳ್ಳುತ್ತವೆ. ಮೂರನೇ ವಾರದ ಹೊತ್ತಿಗೆ ಮೈಗೆ ರೂಢಿಯಾಗಿ ನೋವು ಹೋಗುತ್ತದೆ. ಆಗ ದಿನಾ ಮಾಡಿದರೂ ತೊಂದರೆಯಿಲ್ಲ, ಆದರೆ ಹೊಸದಾಗಿ ಬೆಳೆಯುವುದೂ ಇಲ್ಲ, ಯಾಕೆಂದರೆ ಆ 100 ಈಗ ಸ್ನಾಯುವಿಗೆ ಮಾಮೂಲಿ ಕೆಲಸ.

ನಾನು ಹೇಳಬೇಕು ಅಂದುಕೊಂಡ ಮುಖ್ಯ ವಿಷಯ ಇದೇ. ಸ್ನಾಯು ಬೆಳೆಸುವಷ್ಟು ಗಟ್ಟಿಯಾದ ವ್ಯಾಯಾಮವನ್ನು ಅದೇ ಜಾಗಕ್ಕೆ ದಿನಾ ಮಾಡುವುದಕ್ಕೆ ಆಗುವುದಿಲ್ಲ. ದಿನಾ ಸಲೀಸಾಗಿ ಮಾಡುವುದಕ್ಕೆ ಆಗುತ್ತಿದೆ ಅಂದರೆ ಅದು ಬೆಳೆಸುವಷ್ಟು ಗಟ್ಟಿಯಾಗಿ ಉಳಿದಿಲ್ಲ. ಎರಡೂ ಒಳ್ಳೆಯದೇ. ಮೈ ಚುರುಕಾಗಿರಲಿ, ಅಭ್ಯಾಸ ತಪ್ಪದಿರಲಿ ಅನ್ನುವವರಿಗೆ ಎರಡನೆಯದು ಧಾರಾಳವಾಗಿ ಸಾಕು. ಶಕ್ತಿ ಹೆಚ್ಚಬೇಕು, ಮೈ ತುಂಬಬೇಕು ಅನ್ನುವವರು ಮೊದಲನೆಯದನ್ನು ಹಿಡಿದು, ನಡುವೆ ದಿನ ಬಿಡಬೇಕು. ನಿಮಗೆ ಯಾವುದು ಬೇಕು ಅಂತ ಮೊದಲು ತೀರ್ಮಾನ ಮಾಡಿ.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಗರಡಿ ಮನೆಯ ಪೈಲ್ವಾನರು ದಿನಾ ನೂರಾರು ದಂಡ, ಬಸ್ಕಿ ಹೊಡೆಯುತ್ತಾರಲ್ಲ, ಅವರಿಗೆ ಏನೂ ಆಗಲ್ವಾ? ಅವರು ಹುಡುಗರಾಗಿದ್ದಾಗಿನಿಂದ ವರ್ಷಗಟ್ಟಲೆ ಸಾಮು ಮಾಡಿ ಆ ಲೆಕ್ಕಕ್ಕೆ ಬಂದವರು. ಹಾಲು, ತುಪ್ಪ, ಬಾದಾಮಿ, ಎಣ್ಣೆ ಮಾಲೀಶು, ಹೊತ್ತಿಗೆ ಸರಿಯಾಗಿ ನಿದ್ದೆ ಎಲ್ಲ ಆ ಕಸರತ್ತಿನ ಭಾಗವೇ. ಬೆಳಗ್ಗೆಯಿಂದ ಸಂಜೆ ತನಕ ಆಫೀಸಿನಲ್ಲಿ ಕೂತು, ರಾತ್ರಿ 12ಕ್ಕೆ ಮಲಗುವವರು ಅವರ ಬಸ್ಕಿ ಲೆಕ್ಕ ಒಂದನ್ನೇ ತೆಗೆದುಕೊಂಡರೆ ಹೊಂದುವುದಿಲ್ಲ.

ಮೈಸೂರಿನ ಗೋಕುಲಂಗೆ ದೇಶವಿದೇಶದವರು ಬಂದು ಕಲಿಯುವ ಅಷ್ಟಾಂಗ ಯೋಗವನ್ನೇ ನೋಡಿ. ಕಠಿಣ ಅಭ್ಯಾಸ ಅಂತಲೇ ಅದು ಹೆಸರುವಾಸಿ. ಅಲ್ಲೂ ವಾರಕ್ಕೆ 6 ದಿನ ಮಾತ್ರ ಅಭ್ಯಾಸ, ಒಂದು ದಿನ ರಜೆ, ಜೊತೆಗೆ ಅಮಾವಾಸ್ಯೆ, ಹುಣ್ಣಿಮೆಗೂ ರಜೆ. ಶಿಸ್ತಿಗೆ ಹೆಸರಾದ ಪದ್ಧತಿಯೇ ರಜೆಯನ್ನು ನಿಯಮ ಮಾಡಿ ಇಟ್ಟುಕೊಂಡಿದೆ. ಒಂದು ದಿನ ಬಿಟ್ಟರೆ ಸೋಮಾರಿತನ ಅಂತ ಕೊರಗುವವರಿಗೆ ಇದನ್ನು ಹೇಳಬೇಕು ಅನ್ನಿಸಿತು.

ನೋವಿದ್ದರೆ ಮಾಡಬಹುದಾ?

ವ್ಯಾಯಾಮ ಮಾಡಿದ ಮಾರನೇ ದಿನ, ಅದರ ಮಾರನೇ ದಿನ ಜಾಸ್ತಿಯಾಗುವ ಮೈಕೈ ನೋವು ಲ್ಯಾಕ್ಟಿಕ್ ಆಸಿಡ್‌ನಿಂದ ಬರುತ್ತದೆ ಅಂತ ಇವತ್ತಿಗೂ ಹೇಳುತ್ತಾರೆ. ನಿಜವಲ್ಲ. ಆ ಆಸಿಡ್ ವ್ಯಾಯಾಮ ಮುಗಿದ ಒಂದೆರಡು ಗಂಟೆಯೊಳಗೆ ರಕ್ತದಿಂದ ಹೊರಟುಹೋಗಿರುತ್ತದೆ. ಈ ನೋವು ಸ್ನಾಯುವಿನ ಎಳೆಗಳಿಗಾದ ಸಣ್ಣ ಪೆಟ್ಟು, ಅದರಿಂದಾದ ಉರಿಯೂತದ್ದು. ಒಂದರಿಂದ ಮೂರು ದಿನದೊಳಗೆ ಹೆಚ್ಚಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಸ್ನಾಯು ಭಾರ ಹೊತ್ತುಕೊಂಡೇ ಉದ್ದವಾಗುವಾಗ, ಅಂದರೆ ಇಳಿಯುವ ಚಲನೆಯಲ್ಲಿ, ಈ ಪೆಟ್ಟು ಜಾಸ್ತಿ. ಚಾಮುಂಡಿ ಬೆಟ್ಟದ ಸಾವಿರ ಚಿಲ್ಲರೆ ಮೆಟ್ಟಿಲು ಹತ್ತಿ, ನಡೆದೇ ಇಳಿದವರಿಗೆ ಇದು ಗೊತ್ತು. ಏದುಸಿರು ಬಂದಿದ್ದು ಹತ್ತುವಾಗ. ಆದರೆ ಎರಡು ದಿನ ತೊಡೆ ಹಿಡಿದುಕೊಂಡು ಮನೆಯ ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿಯುವ ಹಾಗೆ ಮಾಡಿದ್ದು ಆ ಇಳಿತ. ಬಸ್ಕಿಯಲ್ಲಿ ನಿಧಾನಕ್ಕೆ ಕೂರುವುದು, ಪುಷ್ ಅಪ್‌ನಲ್ಲಿ ನಿಧಾನಕ್ಕೆ ಕೆಳಗೆ ಬರುವುದು, ಎಲ್ಲ ಇದೇ ಜಾತಿ.

ಒಂದು ಸಲ ಹೀಗೆ ನೋವು ಬಂದು ಹೋದರೆ ಅದೇ ವ್ಯಾಯಾಮ ಮುಂದಿನ ಸಲ ಅಷ್ಟು ನೋಯಿಸುವುದಿಲ್ಲ. ಹಾಗಂತ ನೋವಿಲ್ಲದಿದ್ದರೆ ವ್ಯಾಯಾಮ ಸರಿಯಾಗಿಲ್ಲ ಅಂತಲೂ ಅಲ್ಲ, ನೋವು ಹೋದಕೂಡಲೇ ಸ್ನಾಯು ಪೂರ್ತಿ ತಯಾರು ಅಂತಲೂ ಅಲ್ಲ. ನೋವನ್ನೊಂದನ್ನೇ ನಂಬಿಕೊಂಡರೆ ಲೆಕ್ಕ ತಪ್ಪುತ್ತದೆ. ನಾನು ನೋಡುವುದು ಬೇರೆ ಮೂರು ಗುರುತು.

ಒಂದು, ಕುರ್ಚಿ. ಕೈ ಎದೆಯ ಮೇಲೆ ಕಟ್ಟಿಕೊಂಡು, ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ನಿಧಾನಕ್ಕೆ ಕುರ್ಚಿಯ ಮೇಲೆ ಕೂತು ನೋಡಿ. ತಯಾರಾಗಿರುವ ತೊಡೆ ನಾಲ್ಕಕ್ಕೂ ಒಂದೇ ಸಮನೆ ಇಳಿಸುತ್ತದೆ. ಇನ್ನೂ ಸರಿಹೋಗದ ತೊಡೆ ಮೂರರ ತನಕ ಹಿಡಿದು, ಕೊನೆಯ ನಾಲ್ಕು ಬೆರಳಿನಷ್ಟು ಎತ್ತರದಿಂದ ಧೊಪ್ ಅಂತ ಬಿಟ್ಟುಬಿಡುತ್ತದೆ. ಕೆಲವರಿಗೆ ಗೊತ್ತೇ ಆಗದ ಹಾಗೆ ಮೈ ಒಂದು ಪಕ್ಕಕ್ಕೆ ವಾಲುತ್ತದೆ. ಇವೆರಡರಲ್ಲಿ ಯಾವುದು ಕಂಡರೂ ಅವತ್ತು ಕಾಲಿನ ವ್ಯಾಯಾಮ ಬೇಡ.

ಎರಡು, ಮೊದಲ ಸೆಟ್ಟಿನ ಲೆಕ್ಕ. ಸೆಟ್ ಅಂದರೆ ನಡುವೆ ನಿಲ್ಲಿಸದೆ ಒಂದೇ ಸಲಕ್ಕೆ ಮಾಡುವಷ್ಟು. ಹೋದ ಸಲ ಮೊದಲ ಸೆಟ್ಟಿನಲ್ಲಿ 14 ಪುಷ್ ಅಪ್ ಬಂದಿತ್ತು, ಇವತ್ತು ಚೆನ್ನಾಗಿ ವಾರ್ಮ್ ಅಪ್ ಮಾಡಿದ ಮೇಲೂ 10ಕ್ಕೇ ತೋಳು ಬಿದ್ದುಹೋಯಿತು ಅಂದರೆ ಸ್ನಾಯು ಇನ್ನೂ ಹಳೇ ಕೆಲಸದಲ್ಲೇ ಇದೆ. ಅಲ್ಲಿಗೇ ನಿಲ್ಲಿಸಿ, ವಾಕಿಂಗ್ ಹೋಗಿ. ಇದಕ್ಕಾಗಿ ಒಂದು ಸಣ್ಣ ಪುಸ್ತಕದಲ್ಲಿ ತಾರೀಕು, ಮೊದಲ ಸೆಟ್ಟಿನ ಸಂಖ್ಯೆ ಎರಡನ್ನೇ ಬರೆದಿಟ್ಟುಕೊಂಡರೆ ಸಾಕು.

ಮೂರು, ಬೆಳಗಿನ ನಾಡಿ. ಎಚ್ಚರವಾದ ಮೇಲೆ ಹಾಸಿಗೆಯಿಂದ ಏಳುವ ಮೊದಲು ಮಣಿಕಟ್ಟಿನ ಹತ್ತಿರ ಎರಡು ಬೆರಳಿಟ್ಟು ಒಂದು ನಿಮಿಷ ಎಣಿಸಿ. ನಿಮ್ಮ ಮಾಮೂಲಿ ಲೆಕ್ಕ 66 ಇದ್ದು ಎರಡು ಮೂರು ದಿನ ಸತತವಾಗಿ 74, 75 ಬರುತ್ತಿದ್ದರೆ, ಜೊತೆಗೆ ನಿದ್ದೆ ಸರಿಯಾಗಿ ಬರದೆ, ಸಣ್ಣ ಮಾತಿಗೂ ರೇಗುವ ಹಾಗೆ ಆಗುತ್ತಿದ್ದರೆ, ಮೈ ಸೋತಿದೆ ಅಂತ ತಿಳಿದುಕೊಳ್ಳಿ. ಜ್ವರ ಬರುವ ಮುಂಚೆಯೂ ಹೀಗಾಗಬಹುದು. ಎರಡಕ್ಕೂ ಮೊದಲು ಮಾಡಬೇಕಾದ್ದು ವಿಶ್ರಾಂತಿಯೇ.

ಎರಡೂ ಕಡೆ ಸಮನಾಗಿ ಇರುವ ಮಂದ ನೋವು, ಸ್ವಲ್ಪ ಓಡಾಡಿದರೆ ಸಡಿಲವಾಗುವಂಥದ್ದು, ಭಯಪಡುವಂಥದ್ದಲ್ಲ. ಹಗುರವಾಗಿ ಏನಾದರೂ ಮಾಡಬಹುದು. ಒಂದೇ ಕಡೆ ಚುಚ್ಚುವ ನೋವು, ಕೀಲಿನೊಳಗಿನ ನೋವು, ಊತ, ರಾತ್ರಿ ಎಬ್ಬಿಸುವ ನೋವು ಬೇರೆ. ಅದಕ್ಕೆ ವೈದ್ಯರನ್ನೋ ಫಿಸಿಯೋಥೆರಪಿಸ್ಟನ್ನೋ ಕಾಣಬೇಕು, ನೋವಿನ ಮಾತ್ರೆ ನುಂಗಿ ವ್ಯಾಯಾಮ ಮುಂದುವರಿಸುವುದು ದಯವಿಟ್ಟು ಬೇಡ. ಇನ್ನೊಂದು ವಿಷಯ, ಇದು ಅಪರೂಪ, ಆದರೆ ಗೊತ್ತಿರಲೇಬೇಕು. ರೂಢಿ ಇಲ್ಲದವರು ಒಂದೇ ದಿನ ವಿಪರೀತ ಮಾಡಿದಾಗ ಸ್ನಾಯು ಒಡೆದು, ಅದರೊಳಗಿನ ವಸ್ತು ರಕ್ತಕ್ಕೆ ಸೇರಿ, ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ತಡೆಯಲಾರದ ನೋವು, ಕೈಕಾಲು ಊತ, ಕೋಲಾ ಅಥವಾ ಕಪ್ಪು ಕಾಫಿ ಬಣ್ಣದ ಮೂತ್ರ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮಕ್ಕಳಿಗೆ ನೂರಾರು ಬಸ್ಕಿ ಹೊಡೆಸುವ ಶಿಕ್ಷೆ ಎಷ್ಟು ಅಪಾಯ ಅನ್ನುವುದೂ ಇದರಿಂದ ಗೊತ್ತಾಗುತ್ತದೆ.

ವಾರ ಹೊಂದಿಸಿಕೊಳ್ಳುವುದು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ದೊಡ್ಡವರು ವಾರಕ್ಕೆ 150ರಿಂದ 300 ನಿಮಿಷ ಬಿರುಸಾದ ನಡಿಗೆಯಂಥ ಚಟುವಟಿಕೆ ಮಾಡಬೇಕು, ಮುಖ್ಯ ಸ್ನಾಯುಗಳಿಗೆಲ್ಲ ಬಲ ಕೊಡುವ ವ್ಯಾಯಾಮ ವಾರಕ್ಕೆ ಕಡಿಮೆ ಅಂದರೂ 2 ದಿನ ಇರಬೇಕು. ಬಲದ ವ್ಯಾಯಾಮಕ್ಕೆ 7 ದಿನ ಅಂತ ಎಲ್ಲೂ ಹೇಳಿಲ್ಲ.

ಹೊಸಬರಿಗೆ ನಾನು ಹೇಳುವುದು ಸೋಮವಾರ, ಬುಧವಾರ, ಶುಕ್ರವಾರ ಇಡೀ ಮೈಗೆ. ಬಸ್ಕಿ, ಪುಷ್ ಅಪ್, ಬೆನ್ನಿಗೆ ಎಳೆಯುವ ಒಂದು ವ್ಯಾಯಾಮ, ಮಲಗಿ ಸೊಂಟ ಎತ್ತುವ ಬ್ರಿಡ್ಜ್, ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ನೇರವಾಗಿ ಹಿಡಿದಿರುವ ಪ್ಲ್ಯಾಂಕ್. ಪ್ರತಿಯೊಂದಕ್ಕೂ 2 ಅಥವಾ 3 ಸೆಟ್. ಪುಷ್ ಅಪ್ ನೆಲದ ಮೇಲೆ ಬರದಿದ್ದರೆ ಗೋಡೆಗೆ ಅಥವಾ ಅಲುಗಾಡದ ಮಂಚದ ಅಂಚಿಗೆ ಕೈಯಿಟ್ಟು ಮಾಡಿ. ಪ್ರತಿ ಸೆಟ್ಟಿನಲ್ಲೂ ಇನ್ನೆರಡು ಮಾಡಬಹುದಿತ್ತು ಅನ್ನುವಾಗಲೇ ನಿಲ್ಲಿಸಿ. ಪೂರ್ತಿ ಸೋತು ಬೀಳುವ ತನಕ ಮಾಡಿದರೆ ಸಿಗುವ ಲಾಭ ಸ್ವಲ್ಪ, ಸುಧಾರಿಸಿಕೊಳ್ಳುವುದಕ್ಕೆ ಬೇಕಾಗುವ ಸಮಯ ಮಾತ್ರ ಜಾಸ್ತಿ. ಮಂಗಳವಾರ, ಗುರುವಾರ, ಶನಿವಾರ 40 ನಿಮಿಷ ಬಿರುಸಾಗಿ ನಡೆಯಿರಿ, ಭಾನುವಾರ ಅರ್ಧ ಗಂಟೆ. ಅಲ್ಲಿಗೆ 150 ನಿಮಿಷವೂ ಆಯಿತು, ಪ್ರತಿ ಸ್ನಾಯುವಿಗೂ ನಡುವೆ ಬಿಡುವೂ ಸಿಕ್ಕಿತು.

ಬೆನ್ನಿನ ವ್ಯಾಯಾಮವನ್ನು ಮನೆಯಲ್ಲಿ ಮಾಡುವವರು ಮರೆತೇಬಿಡುತ್ತಾರೆ, ಯಾಕೆಂದರೆ ಎಳೆಯುವುದಕ್ಕೆ ಏನೂ ಇರುವುದಿಲ್ಲ. ಗಟ್ಟಿಯಾದ ಕಿಟಕಿ ಗ್ರಿಲ್ಲಿಗೆ ರೆಸಿಸ್ಟೆನ್ಸ್ ಬ್ಯಾಂಡ್ (ವ್ಯಾಯಾಮಕ್ಕೆ ಬಳಸುವ ರಬ್ಬರ್ ಪಟ್ಟಿ) ಸುತ್ತಿ ಹೊಟ್ಟೆಯ ಕಡೆಗೆ ಎಳೆಯಿರಿ. ಬ್ಯಾಂಡ್ ಇಲ್ಲವಾದರೆ ಬಕೆಟ್ಟಿಗೆ ನೀರು ತುಂಬಿ, ಇನ್ನೊಂದು ಕೈ ಮಂಚದ ಮೇಲಿಟ್ಟು ಬಗ್ಗಿ, ಒಂದು ಕೈಯಲ್ಲಿ ಸೊಂಟದ ತನಕ ಎತ್ತಿ ಇಳಿಸಿ. 8 ಲೀಟರ್ ನೀರು ಅಂದರೆ 8 ಕೆಜಿ, ಲೆಕ್ಕ ಸುಲಭ. ಬರೀ ಪುಷ್ ಅಪ್ ಮಾಡುತ್ತಾ ಹೋದರೆ ಬೆನ್ನಿಗೆ ಕೆಲಸವೇ ಸಿಗುವುದಿಲ್ಲ. ರಜೆ ಕೊಟ್ಟರೂ ಭುಜದ ನೋವು ಹೋಗುತ್ತಿಲ್ಲ ಅನ್ನುವವರು ಇದನ್ನು ಸೇರಿಸಿ ನೋಡಿ.

ನನಗೆ ದಿನಾ ಏನಾದರೂ ಮಾಡಲೇಬೇಕು, ಇಲ್ಲಾಂದ್ರೆ ಅಭ್ಯಾಸ ತಪ್ಪಿಹೋಗುತ್ತೆ ಅನ್ನುವವರಿದ್ದಾರೆ. ಅದು ನ್ಯಾಯವಾದ ಮಾತು. ಅವರು ಸೋಮವಾರ, ಗುರುವಾರ ಎದೆ, ಬೆನ್ನು, ತೋಳು. ಮಂಗಳವಾರ, ಶುಕ್ರವಾರ ಕಾಲು, ಸೊಂಟ. ಬುಧವಾರ ನಡಿಗೆ. ಶನಿವಾರ ಶಟಲ್ಲೋ ಸೈಕಲ್ಲೋ ಸೂರ್ಯನಮಸ್ಕಾರವೋ. ಭಾನುವಾರ ಏನೂ ಬೇಡ. ಹೀಗೆ ಮಾಡಿದರೆ ಪ್ರತಿ ಭಾಗಕ್ಕೂ ಕಡಿಮೆ ಅಂದರೂ ಸುಮಾರು 72 ಗಂಟೆ ಸಿಗುತ್ತದೆ.

ಸೂರ್ಯನಮಸ್ಕಾರದ ಬಗ್ಗೆ ಒಂದು ಮಾತು. ಹನ್ನೆರಡು ಸುತ್ತು ರೂಢಿಯಿದ್ದವರಿಗೆ ಅದು ಹಗುರ. ರಥಸಪ್ತಮಿಗೆ 108 ಹಾಕುತ್ತಾರಲ್ಲ, ಅದು ಹಗುರವಲ್ಲ. ಪ್ರತಿ ಸುತ್ತಿನಲ್ಲೂ ಕೈ ಮೇಲೆ ಮೈಭಾರ ಬಿಟ್ಟು ಕೆಳಗೆ ಇಳಿಯುತ್ತೀರಿ, ಅಂದರೆ 108 ಸಲ ಅರ್ಧ ಪುಷ್ ಅಪ್. ಮುಂದಿನ ಎರಡು ದಿನ ಭುಜ, ಎದೆಗೆ ರಜೆ ಅಂತಲೇ ಇಟ್ಟುಕೊಳ್ಳಿ.

ಮನೆ ಕೆಲಸ, ಹೊರಗಿನ ಕೆಲಸವನ್ನೂ ಲೆಕ್ಕಕ್ಕೆ ಸೇರಿಸಿ. ಹಬ್ಬಕ್ಕೆ ಅಂತ ಇಡೀ ಮನೆ ತೊಳೆದ ದಿನ, ಮದುವೆ ಮನೆಯಲ್ಲಿ ಹಗಲು ರಾತ್ರಿ ಓಡಾಡಿದ ದಿನ, ಗದ್ದೆ ತೋಟದಲ್ಲಿ ಬಗ್ಗಿ ಎದ್ದ ದಿನ ಕಾಲು, ಸೊಂಟ ಆಗಲೇ ದುಡಿದಿರುತ್ತವೆ. ಡೆಲಿವರಿ ಕೆಲಸದಲ್ಲಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಹುಡುಗರು ಸಂಜೆ ಮತ್ತೆ ಕಾಲಿನ ವ್ಯಾಯಾಮಕ್ಕೆ ಹೋಗಬೇಕಾಗಿಲ್ಲ, ಬೆನ್ನು, ಭುಜಕ್ಕೆ ಮಾಡಿದರೆ ಸಾಕು. ಹೆಂಗಸರ ಮನೆಗೆಲಸವನ್ನು ವ್ಯಾಯಾಮವೇ ಅಲ್ಲ ಅನ್ನುವವರೂ ಇದ್ದಾರೆ, ಅದೇ ಹೊತ್ತಿಗೆ ಮನೆಗೆಲಸ ಮಾಡ್ತೀಯಲ್ಲ, ಬೇರೆ ವ್ಯಾಯಾಮ ಯಾಕೆ ಅನ್ನುವವರೂ ಇದ್ದಾರೆ. ಎರಡೂ ತಪ್ಪು. ಆ ಕೆಲಸ ಮೈಯನ್ನು ದಣಿಸುತ್ತದೆ, ಆದರೆ ಸ್ನಾಯುವನ್ನು ಹಂತಹಂತವಾಗಿ ಗಟ್ಟಿ ಮಾಡುವುದಿಲ್ಲ. ಹಾಗಾಗಿ ಅವರಿಗೆ ವ್ಯಾಯಾಮವೂ ಬೇಕು, ವಿಶ್ರಾಂತಿಯೂ ಬೇಕು.

ರಜೆಯ ದಿನದ ಊಟ, ನಿದ್ದೆ

ವ್ಯಾಯಾಮ ಇಲ್ಲದ ದಿನ ಊಟ ಕಡಿಮೆ ಮಾಡುವವರಿದ್ದಾರೆ. ಕಟ್ಟುವ ಕೆಲಸ ನಡೆಯುವುದೇ ಅವತ್ತು, ಪ್ರೋಟೀನನ್ನು ಮಾತ್ರ ಕಡಿಮೆ ಮಾಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಸಾಮಾನ್ಯ ಜನರಿಗೆ ಹೇಳಿದ್ದು ದಿನಕ್ಕೆ ಪ್ರತಿ ಕೆಜಿ ಮೈತೂಕಕ್ಕೆ 0.83 ಗ್ರಾಂ. 60 ಕೆಜಿ ಇರುವವರಿಗೆ ಸುಮಾರು 50 ಗ್ರಾಂ ಆಯಿತು. ಬಲದ ವ್ಯಾಯಾಮ ಮಾಡುವವರಿಗೆ 1.2ರಿಂದ 1.6 ಗ್ರಾಂ ಬೇಕು, ಅಂದರೆ 72ರಿಂದ 96 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8, ಒಣಗಿದ 50 ಗ್ರಾಂ ಹುರುಳಿ ಅಥವಾ ಹೆಸರುಕಾಳಿನಲ್ಲಿ 11, 30 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 15ರ ಆಸುಪಾಸು. ಅನ್ನಕ್ಕೆ ತಿಳಿಸಾರು ಹಾಕಿಕೊಂಡು ಈ ಲೆಕ್ಕ ತಲುಪುವುದು ಕಷ್ಟ. ಹುರುಳಿ ಬಸ್ಸಾರು ಮಾಡಿದ ದಿನ ಬರೀ ಸಾರು ಬಡಿಸಿಕೊಳ್ಳದೆ, ಆ ಕಾಳಿನ ಪಲ್ಯವನ್ನೂ ಎರಡು ಸೌಟು ಜಾಸ್ತಿ ಹಾಕಿಸಿಕೊಳ್ಳಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ನಿದ್ದೆ 7 ಗಂಟೆಗಿಂತ ಕಡಿಮೆಯಾದರೆ ಮೇಲಿನ ಯಾವ ಲೆಕ್ಕವೂ ಸರಿಯಾಗಿ ನಡೆಯುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು, ಐದು ಗಂಟೆ ಮಲಗಿ, ಹಟಕ್ಕೆ ಬಿದ್ದು ಸೆಟ್ ಮುಗಿಸುವ ಬದಲು ಅವತ್ತು ಇನ್ನೆರಡು ಗಂಟೆ ಮಲಗಿ. ವ್ಯಾಯಾಮ ನಾಳೆ ಆಗುತ್ತದೆ.

ಯಾರು ಜಾಸ್ತಿ ಬಿಡಬೇಕು

50 ದಾಟಿದವರು, ಹೊಸದಾಗಿ ಶುರು ಮಾಡಿದವರು 48ರ ಬದಲು 72 ಗಂಟೆ ಬಿಟ್ಟರೂ ನಷ್ಟವಿಲ್ಲ. ಮುಟ್ಟಿನ ದಿನಗಳಲ್ಲಿ ಬಿಡಲೇಬೇಕು ಅನ್ನುವ ನಿಯಮ ಇಲ್ಲ, ಮೈಗೆ ಹೇಗನ್ನಿಸುತ್ತದೋ ಹಾಗೆ. ಸಕ್ಕರೆ ಕಾಯಿಲೆ ಇರುವವರ ವಿಷಯ ಉಲ್ಟಾ. ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಲಾಭ ಒಂದೆರಡು ದಿನಕ್ಕೆ ಇಳಿದುಹೋಗುತ್ತದೆ, ಹಾಗಾಗಿ ಅವರು ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ಸುಮ್ನೆ ಕೂರಬಾರದು, ರಜೆಯ ದಿನವೂ ನಡಿಗೆ ಇರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಡೋಸ್ ಬಗ್ಗೆ ವೈದ್ಯರ ಹತ್ತಿರ ಮಾತಾಡಿಕೊಳ್ಳಿ.

ಜ್ವರ ಇದ್ದಾಗ ಯಾರೂ ಮಾಡಬಾರದು. ಬೆವರು ಬಂದರೆ ಜ್ವರ ಬಿಡುತ್ತದೆ ಅಂತ ಬಸ್ಕಿ ಹೊಡೆಯಬೇಡಿ, ಹೃದಯಕ್ಕೆ ತೊಂದರೆಯಾಗಬಹುದು. ಹತ್ತು ದಿನ ಬಿಟ್ಟರೂ ಕಟ್ಟಿದ ಶಕ್ತಿ ಎಲ್ಲೂ ಓಡಿಹೋಗುವುದಿಲ್ಲ, ಎರಡು ಮೂರು ವಾರ ಬಿಟ್ಟರೂ ಹೆಚ್ಚಿನ ಪಾಲು ಉಳಿದಿರುತ್ತದೆ. ಹಾಗೆ ಬಿಟ್ಟು ವಾಪಸ್ ಬಂದಾಗ ಮೊದಲ ದಿನ ಹಳೇ ಸೆಟ್ಟಿನ ಅರ್ಧ ಮಾಡಿ, ಎರಡು ದಿನ ನೋಡಿ, ಆಮೇಲೆ ಮುಕ್ಕಾಲು. ಎರಡು ವಾರದೊಳಗೆ ಹಳೇ ಲೆಕ್ಕಕ್ಕೆ ಬರಬಹುದು.